ಕೂಸು ಹುಟ್ಟುವ ಮುನ್ನ ಕುಲಾವಿ: ಆಗಮನ ಕಾಲದಲ್ಲಿ ಕ್ಯಾರಲ್ ಬೇಕೇ?

ಕ್ರಿಸ್ಮಸ್ಸಿಗೆ ಮುಂಚಿನ ನಾಲ್ಕು ಭಾನುವಾರಗಳ ಅವಧಿಯನ್ನು ನಮ್ಮ ಕಥೋಲಿಕರು ಆಗಮನ ಕಾಲ ಎನ್ನುತ್ತಾರೆ. ಸಿಎಸ್‌ಐ, ಅಂದರೆ ದಕ್ಷಿಣ ಭಾರತ ಸಭೆಯವರ ಬಾಯಲ್ಲಿ ಅದು ಅಡ್ವೆಂಟ್. ನವೆಂಬರ್ 30ಕ್ಕೆ ಹತ್ತಿರದ ಭಾನುವಾರ ಶುರುವಾಗಿ ಡಿಸೆಂಬರ್ 24ರ ಸಂಜೆಗೆ ಮುಗಿಯುತ್ತದೆ. ಅಷ್ಟರೊಳಗೆ ಮನಸ್ಸು ಹದವಾಗಬೇಕು, ಸಭೆಯೂ ಒಂದಾಗಬೇಕು. ಈ ಎರಡು ಕೆಲಸ ಒಂದಕ್ಕೊಂದು ಅಡ್ಡ ಬರುವುದು ಕ್ಯಾರಲ್ ವಿಷಯದಲ್ಲಿ. ಡಿಸೆಂಬರ್ ಹುಟ್ಟುತ್ತಿದ್ದಂತೆ ಯುವಕರು ಗಿಟಾರು, ಡೋಲಕ್ಕು, ಒಂದು ಸಾಂತಾಕ್ಲಾಸ್ ವೇಷ ಹೊಂದಿಸಿಕೊಂಡು ಕ್ರಿಸ್ತನ ಹುಟ್ಟಿನ ಹಾಡು ಹೇಳಲು ಮನೆಮನೆಗೆ ಹೊರಡುತ್ತಾರೆ. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸಿದರಂತೆ ಎಂದು ಹಿರಿಯರು ಗೊಣಗುತ್ತಾರೆ. ಗಾದೆ ಇಷ್ಟು ಅಕ್ಷರಶಃ ಒಪ್ಪುವ ಸಂದರ್ಭ ಬೇರೆ ಇರಲಿಕ್ಕಿಲ್ಲ.

ಬೆಂಗಳೂರಿನ ದೊಡ್ಡ ಚರ್ಚುಗಳಲ್ಲಿ ಈ ವಾದಕ್ಕೆ ಒಂದು ಅರ್ಥವಿದ್ದರೆ, ಚಿಕ್ಕಬಳ್ಳಾಪುರ ತಾಲ್ಲೂಕಿನ ಮಂಡಿಕಲ್ ಹೋಬಳಿಯಂಥ ಕಡೆ ಬೇರೆಯೇ ಅರ್ಥ. ಆದ್ದರಿಂದ ಎರಡೂ ಕಡೆಯ ಮಾತನ್ನು ಇಲ್ಲಿಂದಲೇ ಕೇಳೋಣ.

ಪರ

ಮೊದಲು ಈ ಸೀಮೆಯ ಡಿಸೆಂಬರ್ ನೋಡಿ. ರಾಗಿ ಕೊಯ್ದು ಮೆದೆ ಒಟ್ಟಿ ಕಣಕ್ಕೆ ತರುವ ಹೊತ್ತು. ಅವರೆಕಾಯಿ ಕಿತ್ತು ಬೆಳಗಿನ ಮಾರುಕಟ್ಟೆಗೆ ಕಳಿಸಬೇಕು. ಸಂಜೆ ಹಾಲು ಕರೆದು ಡೇರಿಗೆ ಹಾಕಬೇಕು. ಮನೆಯಲ್ಲಿ ರೇಷ್ಮೆ ಹುಳು ಕೊನೆಯ ಹಂತಕ್ಕೆ ಬಂದಿದ್ದರಂತೂ ರಾತ್ರಿಯೂ ಸೊಪ್ಪು ಹಾಕಬೇಕು, ಬಾಗಿಲಿಗೆ ಬೀಗ ಹಾಕಿ ಹೋಗುವ ಮಾತೇ ಇಲ್ಲ. ಇಂಥ ಮನೆಯವರಿಗೆ ಸಂಜೆ ನೊವೇನಾ ಪ್ರಾರ್ಥನೆಗೆ ಬನ್ನಿ, ವಾರದ ನಡುವೆ ಧ್ಯಾನಕೂಟಕ್ಕೆ ಬನ್ನಿ ಎಂದು ಹೇಳುವುದು ಸುಲಭ. ಬಾರದವರನ್ನು ಭಕ್ತಿ ಕಮ್ಮಿಯವರ ಪಟ್ಟಿಗೆ ಸೇರಿಸುವುದು ಇನ್ನೂ ಸುಲಭ.

2011ರ ಜನಗಣತಿಯಲ್ಲಿ ಈ ಜಿಲ್ಲೆಯ ಕ್ರೈಸ್ತರು ಶೇ 1ನ್ನೂ ಮುಟ್ಟಿಲ್ಲ. ಪಟ್ಟಣದಲ್ಲಿ ಲಂಡನ್ ಮಿಷನ್‌ನವರು ಕಳೆದ ಶತಮಾನದ ಆರಂಭದಲ್ಲಿ ಕಟ್ಟಿದ, ಈಗ ಸಿಎಸ್‌ಐಗೆ ಸೇರಿದ ಆಸ್ಪತ್ರೆಯಿದೆ. ಸೂಸೆಪಾಳ್ಯದಲ್ಲಿ ಒಂದೂವರೆ ಶತಮಾನ ಹಳೆಯದೆನ್ನುವ ಸಂತ ಜೋಸೆಫರ ಚರ್ಚಿದೆ. ಹೀಗೆ ಬೆರಳು ಮಾಡಿ ತೋರಿಸಬಹುದಾದ ನೆಲೆಗಳು ಕೆಲವೇ. ಉಳಿದಂತೆ ಈ ಊರಿನಲ್ಲಿ ಒಂದು ಮನೆ, ಆ ಊರಿನಲ್ಲಿ ಎರಡು. ಮಕ್ಕಳು ಬೆಂಗಳೂರಿನ ಗಾರ್ಮೆಂಟ್ಸು, ಕಂಪನಿಗಳಲ್ಲಿ. ಮನೆಯಲ್ಲಿ ಉಳಿದವರು ಮುದುಕರು. ಹೀಗೆ ಚದುರಿದ ಸಭೆಗೆ ‘ಸಮುದಾಯ’ ಎನ್ನುವುದು ಭಾನುವಾರ ಒಂದೇ ಸೂರಿನಡಿ ಕೂತು ಎದ್ದಷ್ಟಕ್ಕೆ ಮುಗಿಯುತ್ತದೆ. ಕೂತವರಲ್ಲಿ ಯಾರ ಸೊಂಟ ಮುರಿದಿದೆ, ಯಾರ ಮನೆಯಲ್ಲಿ ಅಣ್ಣತಮ್ಮಂದಿರು ಮಾತು ಬಿಟ್ಟಿದ್ದಾರೆ ಎಂಬುದು ಗೊತ್ತಾಗುವುದು ಹೊಸಿಲು ದಾಟಿದಾಗ ಮಾತ್ರ. ವರ್ಷಕ್ಕೊಮ್ಮೆ ಆ ಹೊಸಿಲು ದಾಟಿಸುವುದು ಕ್ಯಾರಲ್.

ಹಾಡು ಬರೀ ನೆಪ ಎನ್ನುವವರಿದ್ದಾರೆ. ಇರಲಿ, ಒಳ್ಳೆಯ ನೆಪವೇ ಅಲ್ಲವೇ? ಎರಡು ಹಾಡು, ಒಂದು ಶುಭಸಂದೇಶದ ಓದು, ಹಾಸಿಗೆ ಹಿಡಿದವರ ತಲೆಯ ಮೇಲೆ ಕೈಯಿಟ್ಟು ಒಂದು ಪ್ರಾರ್ಥನೆ, ಆಮೇಲೆ ಕಾಫಿ. ಮನೆ ಮಾತು ತೆಲುಗಾದರೆ ತೆಲುಗಿನಲ್ಲೇ ಒಂದು ಹಾಡು. ಗಡಿಸೀಮೆಯಲ್ಲಿ ಇದಕ್ಕೆ ಯಾರೂ ಹುಬ್ಬೇರಿಸುವುದಿಲ್ಲ. ಚರ್ಚಿನಲ್ಲಿ ಬಾಯೇ ತೆರೆಯದ ಹುಡುಗ ಇಲ್ಲಿ ಡೋಲಕ್ಕು ಬಾರಿಸುತ್ತಾನೆ.

ಲೋಕದ ಚರ್ಚೂ ಹೀಗೇ ನಡೆದುಕೊಂಡಿದೆ. ಫಿಲಿಪ್ಪೀನ್ಸಿನಲ್ಲಿ ಡಿಸೆಂಬರ್ 16ರಿಂದ ಒಂಬತ್ತು ದಿನ ‘ಸಿಂಬಾಂಗ್ ಗಾಬಿ’ ಎಂಬ ಪೂಜೆ ನಸುಕಿಗೆ ಮುಂಚೆಯೇ ನಡೆಯುತ್ತದೆ. ಹೊಲಕ್ಕೆ ಹೋಗುವ ರೈತರಿಗೆ ಅನುಕೂಲವಾಗಲೆಂದು ಬೆಳೆದ ಪದ್ಧತಿ ಅದು. ಮೆಕ್ಸಿಕೊದಲ್ಲಿ ಅದೇ ಒಂಬತ್ತು ರಾತ್ರಿ ‘ಪೊಸಾದಾಸ್’: ಬಸುರಿ ಮರಿಯಳನ್ನು ಕರೆದುಕೊಂಡು ಜೋಸೆಫ್ ತಂಗಲು ಜಾಗ ಕೇಳಿದಂತೆ ಜನ ಮನೆಬಾಗಿಲು ತಟ್ಟುತ್ತ ಹಾಡುತ್ತಾರೆ. ಬಾಗಿಲು ತಟ್ಟುವುದು ಆಗಮನ ಕಾಲಕ್ಕೆ ಹೊರತಾದ ಕೆಲಸವೆಂದು ಯಾರು ಹೇಳಿದರು?

ಇನ್ನೊಂದು ಮಾತು ಹೇಳಲೇಬೇಕು. 2021ರ ಡಿಸೆಂಬರ್ 23ರಂದು, ಇನ್ನೇನು ಹಬ್ಬ ಎನ್ನುವಾಗ, ಸೂಸೆಪಾಳ್ಯದ ಚರ್ಚಿನ ಬಳಿ ಸಂತ ಅಂತೋಣಿಯವರ ಪ್ರತಿಮೆಯ ಗಾಜಿನ ಕವಚವನ್ನು ಯಾರೋ ಒಡೆದು ಪ್ರತಿಮೆಗೆ ಹಾನಿ ಮಾಡಿದರು. ಅದೇ ದಿನ ಬೆಳಗಾವಿಯ ಅಧಿವೇಶನದಲ್ಲಿ ಮತಾಂತರ ನಿಷೇಧ ಮಸೂದೆಗೆ ವಿಧಾನಸಭೆಯ ಒಪ್ಪಿಗೆ ಸಿಕ್ಕಿತು. ಅಂಥ ದಿನಗಳಲ್ಲಿ ಒಂಟಿ ಕ್ರೈಸ್ತ ಮನೆಯವರಿಗೆ ಆಗುವ ಅಳುಕನ್ನು ಸುತ್ತೋಲೆ ನೀಗಿಸುವುದಿಲ್ಲ. ನಿಮ್ಮವರು ನಿಮ್ಮ ಬಾಗಿಲಿಗೆ ಬಂದು ಕೂರಬೇಕು, ಅದನ್ನು ಪಕ್ಕದ ಮನೆಯವರೂ ನೋಡಬೇಕು. ಧನುರ್ಮಾಸದ ಭಜನೆ ಕೇಳಿ ಬೆಳೆದ ಊರಿಗೆ ಡಿಸೆಂಬರಿನ ಚಳಿಯಲ್ಲಿ ದೇವರ ಹಾಡು ಹೇಳುತ್ತ ಬರುವವರು ಅಪರಿಚಿತರಲ್ಲ.

ವಿರೋಧ

ಪರದವರು ಹೇಳಿದ್ದರಲ್ಲಿ ಮನೆಭೇಟಿಯ ಬಗ್ಗೆ ಯಾರಿಗೂ ತಕರಾರಿಲ್ಲ. ಭೇಟಿ ಮಾಡಿ, ಪ್ರಾರ್ಥಿಸಿ, ಕಾಫಿಯನ್ನೂ ಕುಡಿಯಿರಿ. ಆದರೆ ಹುಟ್ಟಿನ ಹಾಡನ್ನು ಡಿಸೆಂಬರ್ 3ಕ್ಕೇ ಹಾಡಿ ಮುಗಿಸಿದರೆ 25ಕ್ಕೆ ಉಳಿಯುವುದೇನು? ಕೇಕು ತಿಂದಾಗಿದೆ, ನಕ್ಷತ್ರ ಕಟ್ಟಿಯಾಗಿದೆ, ಮಕ್ಕಳಿಗೆ ಸಾಂತಾನ ಗಡ್ಡ ಹತ್ತಿಯದೆಂದೂ ಗೊತ್ತಾಗಿದೆ. ಅರ್ಧರಾತ್ರಿಯ ಬಲಿಪೂಜೆಗೆ ಬಂದವರು ಆಕಳಿಸುತ್ತಾರೆ. ಹಬ್ಬದ ಕಾಲ ಆರಂಭವಾಗುವುದೇ 24ರ ರಾತ್ರಿ. ನಮ್ಮಲ್ಲಿ ಅದು ಆ ರಾತ್ರಿ ಮುಗಿದೇ ಹೋಗುತ್ತದೆ.

ಆಗಮನ ಕಾಲ ಕ್ರಿಸ್ಮಸ್ಸಿನ ಜಾಹೀರಾತಲ್ಲ. 581ರಲ್ಲಿ ಫ್ರಾನ್ಸಿನ ಮಕಾನ್‌ನಲ್ಲಿ ಸೇರಿದ ಧರ್ಮಸಭೆ ನವೆಂಬರ್ 11ರಿಂದ ಕ್ರಿಸ್ಮಸ್‌ವರೆಗೆ ವಾರಕ್ಕೆ ಮೂರು ದಿನ ಉಪವಾಸ ವಿಧಿಸಿತ್ತು. ಕೇರಳದ ಸಿರಿಯನ್ ಕ್ರೈಸ್ತರಲ್ಲಿ ಇಂದಿಗೂ ಡಿಸೆಂಬರ್ 1ರಿಂದ 25 ದಿನಗಳ ನೋಂಪಿದೆ. ನಮ್ಮಲ್ಲಿ ಉಪವಾಸ ಬಿದ್ದುಹೋದರೂ ಪೂಜಾವಿಧಿಯಲ್ಲಿ ಅದರ ಗುರುತು ಉಳಿದಿದೆ. ಗುರುಗಳ ಉಡುಪು ನೇರಳೆ, ಮೂರನೆಯ ಭಾನುವಾರ ಮಾತ್ರ ಗುಲಾಬಿ. ಭಾನುವಾರದ ಪೂಜೆಯಲ್ಲಿ ಮಹಿಮಾಗೀತೆ ಇಲ್ಲ. ಬಲಿಪೀಠದ ಹೂವು ಮಿತವಾಗಿರಲಿ, ವಾದ್ಯ ಮಿತವಾಗಿರಲಿ ಎಂದು ರೋಮನ್ ಪೂಜಾಗ್ರಂಥದ ಸಾಮಾನ್ಯ ಸೂಚನೆಗಳೇ ಹೇಳುತ್ತವೆ. ಚಿಕ್ಕಬಳ್ಳಾಪುರದಲ್ಲಿ ಈ ಸೂಚನೆ ಪಾಲಿಸುವುದು ಕಷ್ಟವೇ. ಹೊಲದ ತುಂಬ ಸೇವಂತಿಗೆ ಅರಳಿರುವಾಗ ಬಲಿಪೀಠವನ್ನು ಬೋಳಾಗಿ ಬಿಡಲು ಯಾರಿಗೆ ಮನಸ್ಸು ಬಂದೀತು? ಆದರೆ ಕೈಯಲ್ಲಿ ಹೂವಿದ್ದೂ ಇಡದೆ ತಡೆದುಕೊಳ್ಳುವುದೇ ಸಿದ್ಧತೆ. ಹೂವಿಲ್ಲದ ಊರಿನವರಿಗೆ ಅದರಲ್ಲಿ ತ್ಯಾಗವೇನೂ ಇಲ್ಲ.

ಪಕ್ಕದ ಮನೆಯವರ ಧನುರ್ಮಾಸದ ಮಾತು ಬಂತು. ಅವರು ಆ ತಿಂಗಳು ಭಜನೆ ಮಾಡುತ್ತಾರೆ ನಿಜ, ಮದುವೆ ಮಾಡುವುದಿಲ್ಲ ಎಂಬುದೂ ಅಷ್ಟೇ ನಿಜ. ನಮ್ಮಲ್ಲೂ ಆಗಮನ ಕಾಲದಲ್ಲಿ ವಿಜೃಂಭಣೆಯ ಮದುವೆ ಸಲ್ಲದೆಂಬ ಹಳೆಯ ಕಟ್ಟಳೆಯಿತ್ತು. ತಡೆದು ನಿಲ್ಲುವ ತಿಂಗಳು ಇಬ್ಬರಿಗೂ ಇತ್ತು. ಅವರು ಉಳಿಸಿಕೊಂಡಿದ್ದಾರೆ, ನಾವು ಸ್ಪೀಕರ್ ಬಾಕ್ಸ್ ಹೊತ್ತುಕೊಂಡಿದ್ದೇವೆ. ರಾತ್ರಿ 10ರ ನಂತರ ಧ್ವನಿವರ್ಧಕ ಕೂಡದೆಂಬ ನಿಯಮ 2000ದಿಂದಲೂ ಇದೆ. ಕೊನೆಯ ಮನೆಗೆ ತಂಡ ತಲುಪುವುದು ಎಷ್ಟು ಗಂಟೆಗೆ ಎಂದು ತಂಡದವರನ್ನೇ ಕೇಳಿ.

ರೇಷ್ಮೆಯವರಿಗೆ ರೇಷ್ಮೆಯದೇ ಲೆಕ್ಕ ಹೇಳಬಹುದು. ಮರಿಯಾದಾಗಿನಿಂದ ಹುಳು ಗೂಡಿಗೆ ಬರಲು ಸುಮಾರು 25 ದಿನ. ಆಗಮನ ಕಾಲವೂ ವರ್ಷ ನೋಡಿ 22ರಿಂದ 28 ದಿನ. ಹಣ್ಣಾಗದ ಹುಳುವನ್ನು ಗೂಡು ಕಟ್ಟಲು ಚಂದ್ರಿಕೆಗೆ ಬಿಟ್ಟರೆ ಏನಾಗುತ್ತದೆಂದು ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಗೆ ಹೋಗಿಬರುವವರಿಗೆ ವಿವರಿಸಬೇಕಿಲ್ಲ.

ಇನ್ನು ಕವರಿನ ವಿಷಯ. ಎಲ್ಲರಿಗೂ ಗೊತ್ತು, ಯಾರೂ ಬಾಯಿಬಿಡುವುದಿಲ್ಲ. ಹಾಡು ಮುಗಿದ ಮೇಲೆ ಮನೆಯವರು ಕಾಣಿಕೆ ಕೊಡಬೇಕು. ಆ ಹಣ ಬಡವರ ಹೊಸಬಟ್ಟೆಗೋ ಗೋದಲಿಗೋ ಹೋಗುತ್ತದೆ, ಉದ್ದೇಶ ಕೆಟ್ಟದ್ದಲ್ಲ. ಆದರೆ ಬೆಲೆ ಸಿಗದೆ ಟೊಮೆಟೊ ರಸ್ತೆಗೆ ಸುರಿದು ಬಂದವನ ಮನೆಗೂ ತಂಡ ಹೋಗುತ್ತದೆ. ಅವನೂ ಮಾನಕ್ಕಂಜಿ ಸಾಲ ತಂದು ಕವರು ತುಂಬುತ್ತಾನೆ. ಎರಡನೆಯ ಮತ್ತು ಮೂರನೆಯ ಭಾನುವಾರದ ಶುಭಸಂದೇಶದಲ್ಲಿ ನಿಲ್ಲುವವನು ಸ್ನಾನಿಕ ಯೊವಾನ್ನ: ಎರಡು ಅಂಗಿಯಿದ್ದವನು ಇಲ್ಲದವನಿಗೆ ಒಂದು ಕೊಡಲಿ ಎಂದವನು. ಆ ಬಾಗಿಲಿನಲ್ಲಿ ಅವನು ನಿಂತಿದ್ದರೆ ಕವರು ಯಾವ ಕಡೆಯಿಂದ ಯಾವ ಕಡೆಗೆ ಹೋಗುತ್ತಿತ್ತು?

ಪಾಪನಿವೇದನೆಯ ಸಂಜೆಗೆ ಬರಲು ಹೊತ್ತಿಲ್ಲದ ಯುವಕರಿಗೆ ಕ್ಯಾರಲ್ ತಾಲೀಮಿಗೆ ಹೊತ್ತಿರುತ್ತದೆ ಎಂಬುದನ್ನು ಇಲ್ಲಿ ಹೇಳಿದಷ್ಟೇ ಸಾಕು.

ಮತ್ತೆ ಪರ, ಮತ್ತೆ ವಿರೋಧ

ನನ್ನ ಒಲವು ಪರದವರ ಕಡೆಗೇ. ಹೂವು ಇಡದಿರುವುದರಲ್ಲಿ ತ್ಯಾಗವಿದೆ, ಒಪ್ಪಿದೆ; ಆದರೆ ಒಂಟಿ ಮನೆಯ ಮುದುಕಿ ವರ್ಷವಿಡೀ ಕಾಯುತ್ತಲೇ ಇದ್ದಾಳೆ, ಅವಳಿಗೆ ಕಾಯುವುದನ್ನು ಬೇರೆ ಕಲಿಸಬೇಕಿಲ್ಲ. ಪೂಜಾವಿಧಿ ಕಲ್ಲಿನಲ್ಲಿ ಕೊರೆದಿದ್ದಲ್ಲ ಎನ್ನುವುದಕ್ಕೆ ಇಂದು ಕಥೋಲಿಕ ಚರ್ಚುಗಳಲ್ಲೂ ನಾಲ್ಕು ಮೇಣದಬತ್ತಿಯಿಟ್ಟು ಹಚ್ಚುವ ಆಗಮನದ ಹಸಿರು ಚಕ್ರವೇ ಸಾಕ್ಷಿ. ಅದನ್ನು 1839ರಲ್ಲಿ ಹ್ಯಾಂಬರ್ಗಿನ ಬಡಮಕ್ಕಳ ಆಶ್ರಮದಲ್ಲಿ ಹೊಂದಿಸಿದವನು ಯೋಹಾನ್ ಹಿನ್ರಿಕ್ ವಿಕರ್ನ್ ಎಂಬ ಪ್ರೊಟೆಸ್ಟೆಂಟ್ ಪಾದ್ರಿ. ಕ್ರಿಸ್ಮಸ್ ಯಾವಾಗ ಯಾವಾಗ ಎಂದು ಪೀಡಿಸುತ್ತಿದ್ದ ಮಕ್ಕಳಿಗೆ ದಿನ ಎಣಿಸಲು ಬಂಡಿಯ ಚಕ್ರಕ್ಕೆ ಬತ್ತಿ ಸಿಕ್ಕಿಸಿದ. ಕಾಯುವಿಕೆಗೆ ಸ್ವಲ್ಪ ಸಡಗರ ಬೆರೆಸಿದರೆ ಅದು ಕೆಡುವುದಿಲ್ಲ ಎಂಬುದು ಅವನಿಗೆ ಗೊತ್ತಿತ್ತು.

ಆದರೆ ವಿರೋಧದವರ ಒಂದು ಮಾತಿಗೆ ಪರದವರಲ್ಲಿ ಉತ್ತರ ಕಾಣೆ. ಮೆಕ್ಸಿಕೊದವರು ಬಾಗಿಲಿನಲ್ಲಿ ಜಾಗ ಕೇಳುತ್ತಾರೆ, ನಮ್ಮವರು ಟಾಫಿ ಎರಚುತ್ತಾರೆ. ಮನೆಗೆ ಹೋದವರು ಬಾ ಪ್ರಭುವೇ ಎಂದು ಕರೆಯುವ ಹಾಡು ಹಾಡಿದ್ದರೆ ಜಗಳವೇ ಇರುತ್ತಿರಲಿಲ್ಲ. ಅಂಥ ಹಾಡು ಎಷ್ಟು ಜನರಿಗೆ ಬಾಯಿಗೆ ಬರುತ್ತದೆ?

ಒಂದು ದಾರಿ ಚರ್ಚಿನ ಪಂಚಾಂಗದಲ್ಲೇ ಇದೆ. ಡಿಸೆಂಬರ್ 16ರವರೆಗೆ ವಾಚನಗಳ ಗಮನ ಕ್ರಿಸ್ತನ ಮರುಬರವಿನ ಕಡೆ, ಎಚ್ಚರದ ಕಡೆ. 17ರಿಂದ ಅವು ನೇರವಾಗಿ ಬೆತ್ಲೆಹೇಮಿನತ್ತ ತಿರುಗುತ್ತವೆ. ಹಾಗಾದರೆ ತಂಡ 17ರಂದು ಹೊರಡಲಿ, ಅದಕ್ಕೆ ಮುಂಚಿನ ಸಂಜೆಗಳು ಪಾಪನಿವೇದನೆಗೂ ಮುನಿದವರ ರಾಜಿಗೂ ಇರಲಿ ಎನ್ನುತ್ತಾರೆ ವಿರೋಧದವರು. ಏಳು ರಾತ್ರಿಯಲ್ಲಿ ಮಂಡಿಕಲ್, ಪೆರೇಸಂದ್ರ, ಗುಡಿಬಂಡೆ ಕಡೆಯ ಊರುಗಳೆಲ್ಲ ಮುಗಿಯುವುದಿಲ್ಲ ಎನ್ನುವುದು ಪರದವರ ಲೆಕ್ಕ. ಎರಡು ತಂಡ ಮಾಡಿ ಎಂದರೆ, ಗಿಟಾರು ಒಂದೇ ಇರುವುದು ಎನ್ನುತ್ತಾರೆ.