ಅಮ್ಮ ಎತ್ತುವ ಭಾರ ಯಾರ ಲೆಕ್ಕಕ್ಕೆ?

ಮನೆಗೆ ಬರುವ ಗ್ಯಾಸ್ ಸಿಲಿಂಡರಿನಲ್ಲಿ 14.2 ಕೆ.ಜಿ. ಅನಿಲ ಇರುತ್ತೆ. ಸಿಲಿಂಡರಿನ ತೂಕವೂ ಸೇರಿದರೆ ಹೆಚ್ಚುಕಡಿಮೆ 30 ಕೆ.ಜಿ. ಅದನ್ನು ಅಡುಗೆಮನೆವರೆಗೆ ಉರುಳಿಸಿಕೊಂಡು ಹೋಗೋ ಹೆಂಗಸನ್ನು ಯಾರೂ ತಡೆಯಲ್ಲ. ಅವಳೇ ಜಿಮ್‌ನಲ್ಲಿ 10 ಕೆ.ಜಿ. ಡಂಬೆಲ್ ಹಿಡಿದರೆ ಮಾತ್ರ ‘ಗಂಡಸರ ಥರ ಆಗ್ಬಿಡ್ತೀಯ’ ಅಂತ ಬುದ್ಧಿಮಾತು ಶುರುವಾಗುತ್ತೆ.

ಈ ಭಯ ಬುಡವಿಲ್ಲದ್ದು. ಸ್ನಾಯು ದಪ್ಪಗಾಗುವುದರಲ್ಲಿ ಟೆಸ್ಟೋಸ್ಟಿರೋನ್ ಪಾತ್ರ ದೊಡ್ಡದು, ಹೆಂಗಸರಲ್ಲಿ ಅದು ಎಷ್ಟೋ ಪಟ್ಟು ಕಡಿಮೆ. ಒಲಿಂಪಿಕ್ಸ್‌ಗೆ ಮಹಿಳಾ ವೇಟ್‌ಲಿಫ್ಟಿಂಗ್ ಬಂದಿದ್ದೇ 2000ದಲ್ಲಿ. ಅದೇ ವರ್ಷ ಸಿಡ್ನಿಯಲ್ಲಿ ಕರ್ಣಂ ಮಲ್ಲೇಶ್ವರಿ ಒಟ್ಟು 240 ಕೆ.ಜಿ. ಎತ್ತಿ ಕಂಚು ಗೆದ್ದರು. ಒಲಿಂಪಿಕ್ ಪದಕ ಪಡೆದ ಮೊದಲ ಭಾರತೀಯ ಮಹಿಳೆ ಅವರು. ನಾವು ಪದಕಕ್ಕೆ ಚಪ್ಪಾಳೆ ತಟ್ಟಿದೆವು, ಅಭ್ಯಾಸವನ್ನು ಮನೆಯೊಳಗೆ ಬಿಟ್ಟುಕೊಳ್ಳಲಿಲ್ಲ.

‘ದಿನವಿಡೀ ದುಡಿಯೋ ಹೆಂಗಸರಿಗೆ ಬೇರೆ ವ್ಯಾಯಾಮ ಯಾಕೆ?’ ಅನ್ನೋದು ಇನ್ನೊಂದು ವಾದ. ಎಂಜಿನಿಯರಿಂಗ್‌ನಲ್ಲಿ ಓದಿದ್ದು ನೆನಪಾಗುತ್ತೆ: ಒಂದೇ ಜಾಗಕ್ಕೆ ಮತ್ತೆ ಮತ್ತೆ ಹೊರೆ ಬಿದ್ದರೆ, ತಾಳಬಲ್ಲ ಮಿತಿಯೊಳಗೇ ಇದ್ದರೂ, ಲೋಹ ಒಂದು ದಿನ ಬಿರುಕು ಬಿಡುತ್ತೆ. ದೇಹ ಲೋಹಕ್ಕಿಂತ ವಾಸಿ. ಹೊರೆಯ ನಂತರ ಬಿಡುವು, ಪ್ರೋಟೀನ್ ಸಿಕ್ಕರೆ ರಿಪೇರಿಯಾಗಿ ಇನ್ನಷ್ಟು ಗಟ್ಟಿಯಾಗುತ್ತೆ. ತೂಕವನ್ನು ಸ್ವಲ್ಪ ಸ್ವಲ್ಪವೇ ಏರಿಸೋದು, ನಡುವೆ ಬಿಡುವು ಕೊಡೋದು, ಸರಿಯಾಗಿ ಉಣ್ಣೋದು: ತರಬೇತಿ ಅಂದರೆ ಇಷ್ಟೇ. ಕೊಡಪಾನ ಹೊರುವವಳಿಗೆ ಬಿಡುವಿಲ್ಲ, ಎಲ್ಲರ ಊಟವಾದ ಮೇಲೆ ಅವಳಿಗೆ ಉಳಿಯೋದು ಅನ್ನ, ತಿಳಿಸಾರು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ, ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹತ್ತಿರ ಹತ್ತಿರ ಅರ್ಧದಷ್ಟು ಮಹಿಳೆಯರಿಗೆ ರಕ್ತಹೀನತೆ ಇದೆ. ಇದನ್ನು ವ್ಯಾಯಾಮ ಅನ್ನೋಕಾಗಲ್ಲ, ಸವೆತ ಅನ್ನಬೇಕು.

ಮಂಡಿನೋವು ಅಂತ ಅಮ್ಮನನ್ನು ಕರೆದೊಯ್ದಾಗ ವೈದ್ಯರು ‘ಭಾರ ಎತ್ತಬೇಡಿ’ ಅಂದರು. ಅವತ್ತು ಸಂಜೆಯೇ ಅಮ್ಮ ನೀರಿನ ಬಕೆಟ್ ಎತ್ತಿದಳು. ನಾನು ಫೋನ್ ಹಿಡಿದು ಅಲ್ಲೇ ಕೂತಿದ್ದೆ. ಕುರ್ಚಿಯಿಂದ ಕೈ ಊರದೆ ಏಳೋದನ್ನು, ಹಗುರ ತೂಕದಿಂದ ಕಾಲು ಬಲಪಡಿಸೋದನ್ನು ಫಿಸಿಯೋಥೆರಪಿಸ್ಟ್ ಕಲಿಸಿದ್ದು ಆಮೇಲೆ. ‘ನಿಮ್ಮ ಕಾಲು ಗಟ್ಟಿಯಾಗಬೇಕು’ ಅಂತ ಅಮ್ಮನಿಗೆ ಯಾರಾದರೂ ಹೇಳಿದ್ದು ಅದೇ ಮೊದಲು. ಆಗ ಅವಳಿಗೆ ಐವತ್ತೆಂಟು.

ಮುಟ್ಟು ನಿಂತ ಮೇಲೆ ಮೂಳೆ ಬೇಗ ಸವೆಯುತ್ತೆ. ವಾರಕ್ಕೆ ಕನಿಷ್ಠ 2 ದಿನ ಸ್ನಾಯು ಬಲಪಡಿಸುವ ವ್ಯಾಯಾಮ ಮಾಡಿ ಅಂತ ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ಹೇಳುತ್ತೆ. ಇದು ಹೆಂಗಸರಿಗೂ ಸೇರಿದ್ದು. ಆದರೆ ನಮ್ಮ ಪಾರ್ಕುಗಳ ಓಪನ್ ಜಿಮ್‌ಗಳಲ್ಲಿ ಬಹುತೇಕ ಯಂತ್ರಗಳಿಗೆ ತೂಕ ಏರಿಸುವ ವ್ಯವಸ್ಥೆಯೇ ಇಲ್ಲ, ಹೇಳಿಕೊಡೋರೂ ಇಲ್ಲ. ಖಾಸಗಿ ಜಿಮ್‌ನ ಫೀಸು ಎಲ್ಲರ ಕೈಗೆಟುಕಲ್ಲ.

ಬೇಕಿರೋದು ದೊಡ್ಡ ಯೋಜನೆಯೇನಲ್ಲ. ತಾಲ್ಲೂಕು ಕ್ರೀಡಾಂಗಣದಲ್ಲಿ ಹೆಂಗಸರಿಗೆ ಅಂತ ಒಂದು ಗಂಟೆ, ಒಬ್ಬ ತರಬೇತುದಾರ್ತಿ, ಒಂದಿಷ್ಟು ತೂಕದ ಬಿಲ್ಲೆ. ಆ ಒಂದು ಗಂಟೆ ಮನೆಯ ಬಕೆಟ್ಟನ್ನು ನಮ್ಮಂಥವರು ಎತ್ತಬೇಕು. ಸರ್ಕಾರ ಮಾಡಿಕೊಡಲಾಗದ ಭಾಗ ಅದೊಂದೇ.