ಹೆಸರೇ ಬೈಗುಳವಾದಾಗ

ಬೈಲಹೊಂಗಲದ ನಮ್ಮ ಕಾಲೇಜಿನಲ್ಲಿ ಯಾರಾದರೂ ಗುಟ್ಟು ಬಿಟ್ಟುಕೊಟ್ಟರೆ, ಗುಂಪು ಬದಲಿಸಿದರೆ ಕೂಡಲೇ ಒಂದು ಮಾತು ಬೀಳುತ್ತದೆ: ‘ನೀ ಮಲ್ಲಪ್ಪ ಶೆಟ್ಟಿ ಅದಿ ನೋಡಲೇ!’ ರಾಜಕಾರಣಿಗಳೂ ಭಾಷಣದಲ್ಲಿ ವಿರೋಧಿಗಳನ್ನು ಹೀಗೆಯೇ ಹಂಗಿಸುತ್ತಾರೆ. ಸವದತ್ತಿ ಕಡೆಯಿಂದ ಬರುವ ನನ್ನ ಗೆಳೆಯನ ಹೆಸರೇ ಮಲ್ಲಪ್ಪ. ಏನೂ ಮಾಡದಿದ್ದರೂ ಅವನು ದಿನವೂ ಈ ಮಾತು ಕೇಳಬೇಕು. ಮೊದಮೊದಲು ನಾನೂ ನಗುತ್ತಿದ್ದೆ.

ಈ ಮಾತಿನ ಮೂಲ ಪಕ್ಕದ ಕಿತ್ತೂರು. ದತ್ತು ಮಗನ ಹಕ್ಕನ್ನು ಕಂಪನಿ ಒಪ್ಪದಿದ್ದಾಗ ರಾಣಿ ಚೆನ್ನಮ್ಮ ಯುದ್ಧಕ್ಕೆ ನಿಂತಳು. 1824ರ ಅಕ್ಟೋಬರ್ 23ರಂದು ಧಾರವಾಡದ ಕಲೆಕ್ಟರ್ ಥ್ಯಾಕರೆ ಸತ್ತ, ಕಿತ್ತೂರು ಗೆದ್ದಿತು. ಡಿಸೆಂಬರ್‌ನಲ್ಲಿ ಕಂಪನಿ ದೊಡ್ಡ ಪಡೆಯೊಂದಿಗೆ ಬಂದು ಕೋಟೆ ಹಿಡಿಯಿತು. ಮಲ್ಲಪ್ಪ ಶೆಟ್ಟಿ, ವೆಂಕಟರಾವ್ ಎಂಬ ಆಸ್ಥಾನದವರು ದ್ರೋಹ ಬಗೆದರು, ಮದ್ದಿಗೆ ಸೆಗಣಿ ಬೆರೆಸಿದ್ದರಿಂದ ತೋಪು ಹಾರಲಿಲ್ಲ ಎಂದು ನಮ್ಮ ಜನ ಹೇಳುತ್ತ ಬಂದರು. ಇಬ್ಬರಲ್ಲಿ ಬೈಗುಳವಾಗಿ ಉಳಿದದ್ದು ಮಾತ್ರ ಒಂದೇ ಹೆಸರು. ಸಂಗೊಳ್ಳಿ ರಾಯಣ್ಣನನ್ನು 1830ರಲ್ಲಿ ಮೋಸದಿಂದ ಹಿಡಿದುಕೊಟ್ಟವರ ಹೆಸರೂ ಹೀಗೆ ಬೈಗುಳವಾಗಲಿಲ್ಲ.

ಮಾತು ಅಂಟಿಕೊಳ್ಳುವ ಬಗೆಯೇ ವಿಚಿತ್ರ. ಇಟಲಿಯಲ್ಲಿ ಟಿಕೆಟ್ ಇಲ್ಲದೆ ನುಸುಳುವವನನ್ನು ‘ಪೋರ್ಚುಗೀಸನಾಗುವುದು’ ಎಂದು ಆಡಿಕೊಳ್ಳುತ್ತಾರೆ. 18ನೇ ಶತಮಾನದಲ್ಲಿ ರೋಮ್‌ನ ನಾಟಕವೊಂದಕ್ಕೆ ಪೋರ್ಚುಗೀಸರಿಗೆ ಉಚಿತ ಪ್ರವೇಶವಿತ್ತಂತೆ. ರೋಮ್‌ನವರೇ ‘ನಾವೂ ಪೋರ್ಚುಗೀಸರು’ ಎಂದು ಒಳನುಗ್ಗಿದರಂತೆ. ತಪ್ಪು ಅವರದು, ಕೆಟ್ಟ ಹೆಸರು ಇವರಿಗೆ!

ನಮ್ಮ ಮಾತಿನಿಂದ ಎರಡು ನಷ್ಟಗಳಿವೆ. ಮೊದಲನೆಯದು, ಸೋಲಿನ ಭಾರವನ್ನೆಲ್ಲ ಒಬ್ಬನ ತಲೆಗೆ ಕಟ್ಟಿ, ಕಂಪನಿಯ ದತ್ತಕ ನೀತಿಯನ್ನೂ ಎರಡನೇ ಸಲ ಬಂದ ಪಡೆಯ ಬಲವನ್ನೂ ನಾವು ಮರೆಯುತ್ತೇವೆ. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ನಮಗೆ ಇತಿಹಾಸ ಒಂದು ಅಂಕದ ಉತ್ತರವಾಗಿಬಿಡುತ್ತದೆ. ಎರಡನೆಯದು, ಯಾವ ಪಾಪವೂ ಇಲ್ಲದವರು ಹೆಸರಿನ ಕಾರಣಕ್ಕೆ ತಲೆತಗ್ಗಿಸಬೇಕಾಗುತ್ತದೆ. ರಾಮದುರ್ಗದಿಂದ ಕಿತ್ತೂರಿನವರೆಗೆ ಮಲ್ಲಪ್ಪ, ಮಲ್ಲಯ್ಯ, ಮಲ್ಲವ್ವ ಇಲ್ಲದ ಊರುಂಟೇ? ಚೆನ್ನಮ್ಮನ ಪತಿಯ ಹೆಸರೂ ಮಲ್ಲಸರ್ಜನೇ ಅಲ್ಲವೇ!

ದ್ರೋಹವನ್ನು ಮರೆಯಬೇಕೆಂದು ನಾನು ಹೇಳುತ್ತಿಲ್ಲ. ಮೋಸ ಮಾಡಿದವನನ್ನು ಮೋಸಗಾರ ಎನ್ನೋಣ. ಆ ಮಾತು ಸಾಕಷ್ಟು ಖಾರವಾಗಿಯೇ ಇದೆ. ಮೊನ್ನೆ ಕ್ಯಾಂಟೀನಿನಲ್ಲಿ ಮತ್ತೆ ಆ ಕೂಗು ಎದ್ದಾಗ ನಾನು ನಗಲಿಲ್ಲ. ‘ಮಲ್ಲಸರ್ಜ ಬಂದಾನ, ಜಾಗಾ ಬಿಡ್ರಪಾ’ ಎಂದೆ. ಗೆಳೆಯ ಅಂದು ನಮ್ಮೊಂದಿಗೇ ಕುಳಿತು ಚಹಾ ಕುಡಿದ.