ಶಸ್ತ್ರಮಾರಾಟಕ್ಕೆ ಕಡಿವಾಣ ಬೇಕು

1948ರಲ್ಲಿ ಸಿಡ್ನಿ ಕಾಟನ್ ಎಂಬ ಆಸ್ಟ್ರೇಲಿಯದ ವೈಮಾನಿಕನು ಕರಾಚಿಯಿಂದ ರಾತ್ರಿವೇಳೆ ನಿಜಾಮನ ಸಂಸ್ಥಾನಕ್ಕೆ ಆಯುಧಗಳನ್ನು ಸಾಗಿಸಿದನು. ಆಗ ನಮ್ಮ ಯಾದಗಿರಿ, ಶಹಾಪುರ, ಸುರಪುರಗಳು ಅದೇ ಸಂಸ್ಥಾನದೊಳಗಿದ್ದವು. ರಜಾಕಾರರ ಹಾವಳಿಗೆ ಸಿಕ್ಕಿ ಪ್ರಜೆಗಳು ತತ್ತರಿಸುತ್ತಿದ್ದರು. ಆ ವರ್ಷದ ಸೆಪ್ಟೆಂಬರ 17ರಂದು ನಿಜಾಮನು ಶರಣಾಗತನಾದನು. ಇಂಗ್ಲೆಂಡಿನಲ್ಲಿ ಕಾಟನ್ನನಿಗೆ ವಿಧಿಸಲ್ಪಟ್ಟುದು ಕೇವಲ 200 ಪೌಂಡು ದಂಡ!

ತನ್ನ ಸರಕು ಯಾರ ಎದೆಯನ್ನು ಸೀಳುವುದೆಂದು ಶಸ್ತ್ರವ್ಯಾಪಾರಿಯು ಕೇಳನು. ಆ ಪ್ರಶ್ನೆಯನ್ನು ಕಾನೂನೇ ಕೇಳಬೇಕು.

ಇಂದು ಮಾರುವವರ ಸಾಲಿನಲ್ಲಿ ಭಾರತವೂ ನಿಂತಿದೆ. 2024-25ರಲ್ಲಿ ನಮ್ಮ ರಕ್ಷಣಾ ರಫ್ತು 23,622 ಕೋಟಿ ರೂಪಾಯಿಗಳಿಗೇರಿತು. ಬೆಂಗಳೂರಿನ ಕಾರಖಾನೆಗಳ ಪಾಲೂ ಅದರಲ್ಲುಂಟು. ಸ್ವದೇಶೀ ಉದ್ಯಮದ ಈ ಏಳಿಗೆ ನಮಗೆ ಅಭಿಮಾನದ ಸಂಗತಿಯೇ ಸರಿ. ರಫ್ತಿಗೆ ಸರಕಾರದ ಪರವಾನಿಗೆಯೂ ಬೇಕೇ ಬೇಕು. ಆದರೆ 2013ರಲ್ಲಿ ವಿಶ್ವಸಂಸ್ಥೆಯು ಅಂಗೀಕರಿಸಿದ ಶಸ್ತ್ರವ್ಯಾಪಾರ ಒಪ್ಪಂದಕ್ಕೆ ನಾವಿನ್ನೂ ಸಹಿ ಮಾಡಿಲ್ಲ. ಅದು ರಫ್ತು ಮಾಡುವ ರಾಷ್ಟ್ರಗಳ ಕಡೆಗೆ ವಾಲಿದೆಯೆಂಬುದು ಅಂದಿನ ಆಕ್ಷೇಪ. ನಾವೇ ರಫ್ತುಗಾರರಾದ ಮೇಲೆ ಆ ವಾದಕ್ಕೆ ಬಲವೆಲ್ಲಿ?

ಯಾವ ದೇಶಕ್ಕೆ, ಯಾವ ಆಯುಧ, ಎಷ್ಟು ಎಂಬ ಲೆಕ್ಕವು ವರ್ಷಕ್ಕೊಮ್ಮೆ ಲೋಕಸಭೆಯ ಮುಂದೆ ಬರಲಿ. ಸ್ವಪ್ರಜೆಗಳ ಮೇಲೆಯೇ ಕೋವಿಯೆತ್ತುವ ಅರಸೊತ್ತಿಗೆಗೆ ಪರವಾನಿಗೆ ದೊರೆಯದಿರಲಿ. ಅಂಥ ಆಳಿಕೆಯ ರುಚಿಯನ್ನುಂಡ ಈ ನೆಲವು ಇಷ್ಟನ್ನಾದರೂ ಕೇಳಲು ಅಧಿಕಾರವುಳ್ಳದ್ದು.